ನಷ್ಟಕ್ಕೆ ಮಾರಿದರೆ ಗ್ರಾಹಕನಿಗೆ ಲಾಭವಲ್ಲವೇ?

ದೊಡ್ಡ ಕಂಪನಿ ಬೆಲೆ ಇಳಿಸಿದರೆ ನಮಗೇ ಲಾಭ, ಕಾನೂನು ಯಾಕೆ ಅಡ್ಡ ಬರಬೇಕು ಅಂತ ಕೇಳಿದ್ದೀರಿ. ಬೆಲೆ ಇಳಿಸುವುದು ತಪ್ಪಲ್ಲ. ಎದುರಾಳಿಯನ್ನು ಮುಗಿಸಲೆಂದೇ ನಷ್ಟಕ್ಕೆ ಮಾರುವುದು ತಪ್ಪು.

ಡಚ್ ರಾಸಾಯನಿಕ ಕಂಪನಿ ಅಕ್ಜೋದ ಪ್ರಕರಣ ನೋಡಿ. ಇಸಿಎಸ್ ಎಂಬ ಸಣ್ಣ ಬ್ರಿಟಿಷ್ ಕಂಪನಿ ಹಿಟ್ಟಿನ ಗಿರಣಿಗಳಿಗೆ ಪೆರಾಕ್ಸೈಡ್ (ಹಿಟ್ಟನ್ನು ಬಿಳುಪಾಗಿಸುವ ರಾಸಾಯನಿಕ) ಮಾರುತ್ತಿತ್ತು. ಅದನ್ನೇ ಪ್ಲಾಸ್ಟಿಕ್ ತಯಾರಕರಿಗೂ ಕೊಡಲು ಹೊರಟಾಗ, ಆ ಕ್ಷೇತ್ರದಲ್ಲಿ ಪ್ರಬಲವಾಗಿದ್ದ ಅಕ್ಜೋ ಬೆದರಿಕೆ ಹಾಕಿತು: ಹಿಂದೆ ಸರಿಯಿರಿ, ಇಲ್ಲವಾದರೆ ಹಿಟ್ಟಿನ ವ್ಯಾಪಾರದಲ್ಲಿ ಬೆಲೆ ಮುರಿಯುತ್ತೇವೆ. ಹಾಗೇ ಮಾಡಿತು ಕೂಡ. ಇಸಿಎಸ್‌ನ ಗಿರಾಕಿಗಳಿಗೆ ಕೊಟ್ಟ ದರವನ್ನು ತನ್ನದೇ ಹಳೆಯ ಗಿರಾಕಿಗಳಿಗೆ ಕೊಡಲಿಲ್ಲ! ಉದ್ದೇಶ ಏನೆಂದು ಇದರಿಂದಲೇ ಗೊತ್ತಾಗುತ್ತದೆ.

1991ರಲ್ಲಿ ಯುರೋಪಿನ ನ್ಯಾಯಾಲಯ ಹೇಳಿದ್ದು: ಪ್ರಬಲ ಕಂಪನಿ ಸರಾಸರಿ ಬದಲಾಗುವ ವೆಚ್ಚಕ್ಕಿಂತ (ಉತ್ಪಾದನೆ ಹೆಚ್ಚಿದಂತೆ ಏರುವ ಕಚ್ಚಾವಸ್ತು, ಇಂಧನದಂಥ ಖರ್ಚು) ಕಡಿಮೆಗೆ ಮಾರಿದರೆ ಅದು ತನ್ನ ಪ್ರಾಬಲ್ಯದ ದುರುಪಯೋಗವೆಂದೇ ಲೆಕ್ಕ. ಅದಕ್ಕಿಂತ ಮೇಲಿದ್ದು ಸರಾಸರಿ ಒಟ್ಟು ವೆಚ್ಚಕ್ಕಿಂತ (ಬಾಡಿಗೆಯಂಥ ಸ್ಥಿರ ಖರ್ಚೂ ಸೇರಿ) ಕೆಳಗಿದ್ದರೆ, ಎದುರಾಳಿಯನ್ನು ಹೊರದಬ್ಬುವ ಯೋಜನೆ ಇತ್ತೆಂದು ತೋರಿಸಬೇಕು.

ಅಮೆರಿಕದಲ್ಲಿ ಸುಪ್ರೀಂ ಕೋರ್ಟ್‌ನ 1993ರ ಬ್ರೂಕ್ ಗ್ರೂಪ್ ತೀರ್ಪಿನ ಪ್ರಕಾರ ಇನ್ನೂ ಒಂದು ಹೆಜ್ಜೆ ಇದೆ. ಆ ನಷ್ಟವನ್ನು ಮುಂದೆ ಬೆಲೆ ಏರಿಸಿ ವಸೂಲಿ ಮಾಡಿಕೊಳ್ಳುವ ಸಾಧ್ಯತೆಯನ್ನೂ ದೂರು ಕೊಟ್ಟವರೇ ಸಾಬೀತು ಮಾಡಬೇಕು. ನನ್ನ ಮಟ್ಟಿಗೆ ಇದು ಅತಿಯಾದ ಹೊರೆ. ಅಷ್ಟು ಪುರಾವೆ ಕೂಡಿಸುವ ಹೊತ್ತಿಗೆ ಸಣ್ಣ ಕಂಪನಿ ಬಾಗಿಲು ಹಾಕಿರುತ್ತದೆ.