ಕಿಡ್ನಿ ತೊಂದರೆ ಇರುವವರು ನಡೆಯಬಹುದಾ? ಡಾಕ್ಟರ್ ಯಾಕೆ ಏನೂ ಹೇಳುವುದಿಲ್ಲ?

ನಿಮ್ಮ ತಂದೆಗೆ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ, ರಕ್ತದಲ್ಲಿರುವ ಕಸ; ಕಿಡ್ನಿ ಸೊರಗಿದರೆ ಇದು ಏರುತ್ತದೆ) 2.6 ಇದೆ, ಡಾಕ್ಟರ್ ಪಥ್ಯ ಬರೆದುಕೊಟ್ಟರು, ನಡೆಯುವ ಬಗ್ಗೆ ಒಂದು ಮಾತೂ ಆಡಲಿಲ್ಲ, ಹಾಗಾದರೆ ರೆಸ್ಟ್ ಮಾಡಬೇಕಾ ಅಂತ ಕೇಳಿದ್ದೀರಿ. ದಯವಿಟ್ಟು ಸುಮ್ನೆ ಕೂರಿಸಬೇಡಿ. ಡಾಕ್ಟರ್ ಏನೂ ಹೇಳಲಿಲ್ಲ ಅಂದರೆ ಬೇಡ ಅಂದ ಹಾಗಲ್ಲ. ನಾವು ಹಾಗೇ ಅಂದುಕೊಂಡು ಅಮ್ಮನನ್ನು ಎರಡು ವರ್ಷ ಮಂಚ ಬಿಟ್ಟು ಏಳಲು ಬಿಡಲಿಲ್ಲ, ಒಂದು ಲೋಟ ನೀರನ್ನೂ ಕೈಗೇ ತಂದುಕೊಟ್ಟೆವು, ಕೊನೆಗೆ ಡಯಾಲಿಸಿಸ್ ಶುರುವಾಗುವ ಹೊತ್ತಿಗೆ ಕಾಲು ಸೊರಗಿ ಬಚ್ಚಲ ಹೊಸ್ತಿಲು ದಾಟಲೂ ಗೋಡೆ ಹಿಡಿಯಬೇಕಿತ್ತು. ಕಾಯಿಲೆ ಒಂದೇ ಹಾಗೆ ಮಾಡಲಿಲ್ಲ. ನಮ್ಮದೂ ತಪ್ಪಿತ್ತು.

ಆಮೇಲೆ ಅಮ್ಮನ ಡಾಕ್ಟರನ್ನೇ ಕೇಳಿದೆ. ಬಿಪಿ, ಪೊಟ್ಯಾಶಿಯಂ, ಹಿಮೋಗ್ಲೋಬಿನ್ ನೋಡುವಷ್ಟರಲ್ಲೇ ಸಮಯ ಮುಗಿದಿರುತ್ತದೆ, ಸುಸ್ತಾದವರಿಗೆ ನಡೆಯಿರಿ ಅನ್ನಲು ಮನಸ್ಸು ಬರುವುದಿಲ್ಲ, ಬಿದ್ದುಬಿಟ್ಟರೆ ಅನ್ನುವ ಭಯ ಬೇರೆ ಅಂದರು. ನಿಜ ಹೇಳಿದರು, ಆದರೂ ನನಗೆ ಸಮಾಧಾನ ಆಗಲಿಲ್ಲ. ಕೆಡಿಗೋ ಅನ್ನುವ ಅಂತಾರಾಷ್ಟ್ರೀಯ ಕಿಡ್ನಿ ತಜ್ಞರ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ವೇಗದ ವ್ಯಾಯಾಮ ಮಾಡಿ, ಆಗದಿದ್ದರೆ ಹೃದಯ ಮತ್ತು ಮೈ ತಡೆಯುವಷ್ಟು ಮಾಡಿ ಅಂತಲೇ ಹೇಳಿದೆ. ಹಾಗಿದ್ದ ಮೇಲೆ ಮಾತ್ರೆ ಚೀಟಿಯಲ್ಲಿ ಒಂದು ಸಾಲು ಬರೆಯಬಹುದಲ್ವಾ?

ಮುಂದಿನ ಸಲ ಹೋದಾಗ "ವ್ಯಾಯಾಮ ಮಾಡಬಹುದಾ" ಅಂತ ಮಾತ್ರ ಕೇಳಬೇಡಿ, "ಸ್ವಲ್ಪ ವಾಕ್ ಮಾಡಿ" ಅಂದು ಮುಗಿಸಿಬಿಡುತ್ತಾರೆ. ದಿನಕ್ಕೆ ಎಷ್ಟು ನಿಮಿಷ? ಬಿಪಿ, ಶುಗರ್ ಎಷ್ಟಿದ್ದರೆ ಆ ದಿನ ಬೇಡ? ಮೊದಲು ಹೃದಯದ ಪರೀಕ್ಷೆ ಬೇಕಾ? ಫಿಸಿಯೋಥೆರಪಿಸ್ಟ್‌ಗೆ ಚೀಟಿ ಕೊಡುತ್ತೀರಾ? ಹೀಗೆ ಬಿಡಿಸಿ ಕೇಳಿ. ನಾನು ಹಾಗೆ ಕೇಳಿದ ಮೇಲೆಯೇ ಡಾಕ್ಟರ್ ಪೆನ್ ತೆಗೆದುಕೊಂಡು ಬರೆದುಕೊಟ್ಟರು. ಅಮ್ಮ ಡಯಾಲಿಸಿಸ್ ಇಲ್ಲದ ದಿನ ಬಾಗಿಲಿಂದ ತುಳಸಿಕಟ್ಟೆವರೆಗೆ ಐದು ನಿಮಿಷ ನಡೆಯುತ್ತಾ ಶುರುಮಾಡಿದರು, ಕುರ್ಚಿಯಿಂದ ಎದ್ದು ಕೂರುವುದನ್ನೂ ಫಿಸಿಯೋ ಹೇಳಿಕೊಟ್ಟರು. ಆರು ತಿಂಗಳಿಗೆ ಬೀದಿ ಕೊನೆಯ ಹೂವಿನ ಅಂಗಡಿಗೆ ತಾವೇ ಹೋಗಿಬಂದರು. ಕ್ರಿಯಾಟಿನಿನ್ ಇಳಿಯುತ್ತದೆ ಅಂತ ಕಾಯಬೇಡಿ, ನಡೆಯುವುದು ಅದಕ್ಕಲ್ಲ.

ಇನ್ನೊಂದು ಮಾತು. ರಕ್ತ ಪರೀಕ್ಷೆಯ ಹಿಂದಿನ ದಿನ ಜಾಸ್ತಿ ಕಸರತ್ತು ಬೇಡ, ಕ್ರಿಯಾಟಿನಿನ್ ಸ್ನಾಯುವಿನಿಂದಲೇ ಬರುವುದರಿಂದ ಸ್ವಲ್ಪ ಏರಿ ಸುಮ್ನೆ ಗಾಬರಿಯಾಗುತ್ತದೆ. ಮೈಕೈ ನೋವಾಯಿತು ಅಂತ ಮೆಡಿಕಲ್ ಶಾಪಿನಿಂದ ಐಬುಪ್ರೊಫೆನ್, ಡೈಕ್ಲೊಫೆನಾಕ್ ತರಲೇಬೇಡಿ. ಕಿಡ್ನಿಗೆ ಹೊಡೆತ ಕೊಡುವುದು ಆ ಮಾತ್ರೆಗಳು, ನಡಿಗೆ ಅಲ್ಲ.