ರೂಟರ್ ಪಕ್ಕ ಮಲಗಬಹುದಾ?

ಪ್ರಶ್ನೆ: ನಮ್ಮ ಮಂಚದ ತಲೆಯ ಹತ್ತಿರವೇ ವೈಫೈ ರೂಟರ್ ಇದೆ. ಎರಡು ವರ್ಷದ ಮಗಳೂ ಅಲ್ಲೇ ಮಲಗುತ್ತಾಳೆ. ರಾತ್ರಿ ಆಫ್ ಮಾಡಲೇಬೇಕು ಅಂತ ಅತ್ತೆ ಹಟ ಹಿಡಿದಿದ್ದಾರೆ. ಮೇಡಂ, ಏನು ಮಾಡಲಿ?

ಉತ್ತರ: ಅತ್ತೆಯ ಸಮಾಧಾನಕ್ಕೆ ಆಫ್ ಮಾಡಿ, ನಷ್ಟವೇನಿಲ್ಲ. ಆದರೆ ಭೌತಶಾಸ್ತ್ರ ಪಾಠ ಮಾಡಿದವಳಾಗಿ ಹೇಳುತ್ತೇನೆ, ಹೆದರಬೇಕಾಗಿಲ್ಲ. ಮನೆಯ ರೂಟರ್ ಹೊರಬಿಡುವ ರೇಡಿಯೊ ಅಲೆಗಳ ಶಕ್ತಿ ಸಾಮಾನ್ಯವಾಗಿ 0.1 ವ್ಯಾಟ್ ಆಸುಪಾಸು. ದೂರ ಎರಡು ಪಟ್ಟಾದರೆ ಅದರ ತೀವ್ರತೆ ಸುಮಾರು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಎಕ್ಸ್-ರೇ ಥರ ಡಿಎನ್‌ಎ ಮುರಿಯುವ ತಾಕತ್ತು ಈ ಅಲೆಗಳಿಗಿಲ್ಲ.

2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಇವನ್ನು 2ಬಿ ಗುಂಪಿಗೆ ಸೇರಿಸಿದ್ದು ನಿಜ. ಅಂದರೆ 'ಕ್ಯಾನ್ಸರ್ ತರಬಹುದೇನೋ, ಪುರಾವೆ ಸಾಲದು' ಎಂಬ ಗುಂಪು. ಏಷ್ಯಾದ ಕೆಲವು ತರಕಾರಿ ಉಪ್ಪಿನಕಾಯಿಗಳೂ ಅದರಲ್ಲೇ ಇವೆ!

ನಾನಾದರೆ ರೂಟರ್‌ಗಿಂತ ಕಿವಿಗೆ ಒತ್ತಿಕೊಳ್ಳುವ ಫೋನ್ ಕಡೆ ಜಾಸ್ತಿ ಗಮನ ಕೊಡುತ್ತೇನೆ. ಅದು ಮೈಗೆ ತಾಗಿಕೊಂಡೇ ಇರುತ್ತದಲ್ವಾ? ಲಿಫ್ಟ್‌ನಲ್ಲಿ, ನೆಲಮಾಳಿಗೆಯಲ್ಲಿ ಸಿಗ್ನಲ್ ಕಡಿಮೆಯಾದಾಗ ಫೋನ್ ತನ್ನ ಶಕ್ತಿ ಏರಿಸಿಕೊಳ್ಳುತ್ತದೆ. ಅಂಥ ಕಡೆ ಸ್ಪೀಕರ್ ಹಾಕಿ ಮಾತಾಡಿ. ಚಾರ್ಜ್ ಆಗುತ್ತಿರುವ ಫೋನನ್ನು ದಿಂಬಿನ ಕೆಳಗಂತೂ ಇಡಬೇಡಿ. ಅಲ್ಲಿ ಭಯ ಅಲೆಯದಲ್ಲ, ಬಿಸಿಯದು. ಮನೆಯಲ್ಲಿ ಯಾರಿಗಾದರೂ ಪೇಸ್‌ಮೇಕರ್ ಇದ್ದರೆ ಫೋನನ್ನು ಅದರಿಂದ 15 ಸೆಂಟಿಮೀಟರ್ ದೂರ ಇಡಲಿ.