ಇಂಟರ್ನಲ್ ಅಂಕ ಯಾರ ಕೈಯಲ್ಲಿದೆ?

ಪತ್ರ: ಮಗಳು ಡಿಗ್ರಿಯ ಎರಡನೇ ಸೆಮಿಸ್ಟರ್ ಮುಗಿಸಿದ್ದಾಳೆ. ಒಂದು ವಿಷಯದ ಪರೀಕ್ಷೆಯಲ್ಲಿ 70ಕ್ಕೆ 54 ಬಂದಿದೆ, ಅದೇ ವಿಷಯದ ಇಂಟರ್ನಲ್‌ನಲ್ಲಿ 30ಕ್ಕೆ 11. ತರಗತಿಯಲ್ಲಿ ಏನೋ ಪ್ರಶ್ನೆ ಕೇಳಿದ್ದಕ್ಕೆ ಅಧ್ಯಾಪಕರು ‘ನಿನ್ನ ಇಂಟರ್ನಲ್ ನನ್ನ ಕೈಯಲ್ಲಿದೆ’ ಎಂದರಂತೆ. ದೂರು ಕೊಟ್ಟರೆ ಮುಂದೆಯೂ ಹಗೆ ಸಾಧಿಸಿಯಾರೆಂಬ ಭಯ. ಡಿಗ್ರಿ ಮುಗಿಯುವವರೆಗೆ ಸುಮ್ಮನಿರುವುದೇ ಲೇಸೇ?
– ತಂದೆಯೊಬ್ಬರು, ಬದಿಯಡ್ಕ (ಕಾಸರಗೋಡು)

ಮಾನ್ಯರೆ,

ಸುಮ್ಮನಿರಬೇಡಿ. ಆದರೆ 30ಕ್ಕೆ 11 ಬಂದದ್ದು ಒಂದು ದೂರು, ಬೆದರಿಸಿದ್ದು ಇನ್ನೊಂದು. ಹೆಚ್ಚಿನವರು ಎರಡನ್ನೂ ಒಂದೇ ಪತ್ರದಲ್ಲಿ ಕಲಸಿ, ಅಧ್ಯಾಪಕರ ನಡತೆಯ ಬಗ್ಗೆ ಎರಡು ಪುಟ ಬರೆಯುತ್ತಾರೆ. ಪ್ರಾಂಶುಪಾಲರು ಕರೆದು ಕೇಳುತ್ತಾರೆ, ಅಧ್ಯಾಪಕರು ‘ನಾನು ಹಾಗೆ ಹೇಳಿಲ್ಲ’ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಅಂಕದ ಲೆಕ್ಕವನ್ನು ಹಾಗೆ ಬಾಯಿಮಾತಿನಲ್ಲಿ ಮುಗಿಸಲಾಗದು.

ಕೇರಳದಲ್ಲಿ 2024ರಲ್ಲಿ ಬಂದ ನಾಲ್ಕು ವರ್ಷದ ಪದವಿಯಲ್ಲಿ ನೂರಕ್ಕೆ 30 ಅಂಕ ನಿರಂತರ ಮೌಲ್ಯಮಾಪನಕ್ಕೆ, ಅಂದರೆ ಇಂಟರ್ನಲ್‌ಗೆ. ಅದು ಒಂದೇ ಏಟಿಗೆ ಕೊಡುವ ಅಂಕವಲ್ಲ. ಟೆಸ್ಟ್, ಅಸೈನ್‌ಮೆಂಟ್, ಸೆಮಿನಾರ್ ಎಂದು ಬಿಡಿಬಿಡಿಯಾಗಿ ಕೂಡಿಬರಬೇಕಾದದ್ದು. ಆ ಬಿಡಿ ಅಂಕಗಳನ್ನೇ ಕೇಳಿ. ಪತ್ರವನ್ನು ಮಗಳೇ ವಿಭಾಗ ಮುಖ್ಯಸ್ಥರಿಗೆ ಬರೆಯಲಿ: ರಿಜಿಸ್ಟರ್ ನಂಬರು, ವಿಷಯ, ಪ್ರತಿಯೊಂದಕ್ಕೂ ಎಷ್ಟರಲ್ಲಿ ಎಷ್ಟು, ಟೆಸ್ಟಿನ ಉತ್ತರಪತ್ರಿಕೆ ನೋಡಬೇಕು. ಐದಾರು ಸಾಲು ಸಾಕು, ಆರೋಪ ಒಂದೂ ಬೇಡ. ಎರಡು ಪ್ರತಿ ಮಾಡಿ, ಒಂದಕ್ಕೆ ಕಚೇರಿಯ ಮೊಹರು ಮತ್ತು ತಾರೀಕು ಹಾಕಿಸಿಕೊಳ್ಳಲಿ. ಸರ್ಕಾರಿ ಕಾಲೇಜಾದರೆ ಕನ್ನಡದಲ್ಲೇ ಬರೆಯಬಹುದು. ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ.

‘ಅಸೈನ್‌ಮೆಂಟ್ ತಡವಾಗಿ ಕೊಟ್ಟಳು’ ಎಂಬ ಉತ್ತರ ಬರುವುದುಂಟು. ಕೊಟ್ಟದ್ದಕ್ಕೆ ಪುರಾವೆ ಇಲ್ಲದಿದ್ದರೆ ಅಲ್ಲಿ ಸೋಲುತ್ತೀರಿ. ಇನ್ನು ಮುಂದೆ ಅಸೈನ್‌ಮೆಂಟ್ ಕೊಡುವ ದಿನವೇ ಅದರ ಫೋಟೋ ತೆಗೆದು ಅಧ್ಯಾಪಕರಿಗೆ ಇಮೇಲ್ ಮಾಡಲಿ. ಅಂಕಪಟ್ಟಿಗೆ ಸಹಿ ಹಾಕಿಸಿಕೊಳ್ಳುವಾಗ ಬೆಲ್ ಹೊಡೆಯುವ ಗಡಿಬಿಡಿಯಲ್ಲಿ ಓದದೆ ಸಹಿ ಹಾಕಬಾರದು.

ಉತ್ತರಪತ್ರಿಕೆ ತೋರಿಸದಿದ್ದರೆ, ಸರ್ಕಾರಿ ಅಥವಾ ಅನುದಾನಿತ ಕಾಲೇಜಾದರೆ, ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಮೌಲ್ಯಮಾಪನವಾದ ತನ್ನ ಉತ್ತರಪತ್ರಿಕೆಯನ್ನು ವಿದ್ಯಾರ್ಥಿ ಪಡೆಯಬಹುದೆಂದು ಸುಪ್ರೀಂ ಕೋರ್ಟ್ 2011ರಲ್ಲೇ ತೀರ್ಪು ಕೊಟ್ಟಿದೆ. ಅರ್ಜಿಯಲ್ಲಿ ‘ಯಾಕೆ ಕಡಿಮೆ ಕೊಟ್ಟಿರಿ’ ಎಂದು ಕೇಳಬೇಡಿ, ಪ್ರತಿ ಕೇಳಿ. ಈ ಕಾಯ್ದೆಯಲ್ಲಿ ದಾಖಲೆ ಸಿಗುತ್ತದೆ, ವಿವರಣೆ ಸಿಗುವುದಿಲ್ಲ. ತಡಮಾಡಲೂ ಬೇಡಿ, ಹಳೆಯ ಉತ್ತರಪತ್ರಿಕೆಗಳನ್ನು ಸದಾಕಾಲ ಇಟ್ಟಿರುವುದಿಲ್ಲ.

ಮುಂದಿನ ಮೆಟ್ಟಿಲು ಕಾಲೇಜಿನ ವಿದ್ಯಾರ್ಥಿ ಕುಂದುಕೊರತೆ ಸಮಿತಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2023ರ ನಿಯಮದಂತೆ ಅದು ಆದಷ್ಟು ಮಟ್ಟಿಗೆ 15 ಕೆಲಸದ ದಿನಗಳೊಳಗೆ ವರದಿ ಕೊಡಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್‌ಗೆ, ಅಂದರೆ ವಿದ್ಯಾರ್ಥಿಗಳ ಮೇಲ್ಮನವಿ ವಿಚಾರಿಸುವ ಅಧಿಕಾರಿಗೆ, ಮೇಲ್ಮನವಿ. ಆದರೆ ಅವರು ಬರೀ ಮರುಮೌಲ್ಯಮಾಪನದ ಅರ್ಜಿ ತೆಗೆದುಕೊಳ್ಳುವುದಿಲ್ಲ; ಫಲಿತಾಂಶವನ್ನೇ ಬದಲಿಸುವಂಥ ನಿರ್ದಿಷ್ಟ ಅಕ್ರಮವನ್ನೋ ತಾರತಮ್ಯವನ್ನೋ ಬೆರಳಿಟ್ಟು ತೋರಿಸಬೇಕು. ಮೊದಲು ಕೇಳಿ ಪಡೆದ ಬಿಡಿ ಅಂಕಗಳು ಅಲ್ಲಿ ಬೇಕಾಗುತ್ತವೆ.

ಬೆದರಿಕೆಯ ದೂರು ಬೇರೆಯೇ ಹಾಳೆಯಲ್ಲಿರಲಿ. ತಾರೀಕು, ಎಷ್ಟನೇ ಪೀರಿಯಡ್, ಆಡಿದ ಮಾತು ಇದ್ದದ್ದಿದ್ದ ಹಾಗೆ, ಕೇಳಿದವರು ಯಾರು. ಮಗಳು ಇವತ್ತೇ ಬರೆದಿಡಲಿ; ತಿಂಗಳು ಕಳೆದರೆ ಗೆಳತಿಯರ ನೆನಪೂ ಮಸುಕಾಗುತ್ತದೆ. ಮಾತಿನಲ್ಲಿ ಲೈಂಗಿಕ ಒತ್ತಾಯದ ಸುಳಿವಿದ್ದರೆ ದಾರಿ ಬೇರೆ: ಕಾಲೇಜಿನ ಆಂತರಿಕ ದೂರು ಸಮಿತಿಗೆ ಮೂರು ತಿಂಗಳೊಳಗೆ ಕೊಡಬೇಕು.

ನಿಮ್ಮ ಭಯ ಸುಳ್ಳಲ್ಲ. ಆದರೆ ಮೊಹರು ಬಿದ್ದ ಪತ್ರವೊಂದು ಕಡತದಲ್ಲಿದ್ದರೆ, ಮುಂದಿನ ಸೆಮಿಸ್ಟರಿನಲ್ಲಿ ಅಂಕ ದಿಢೀರನೆ ಕುಸಿದಾಗ ಯಾಕೆಂದು ಕೇಳಲು ಆಧಾರ ಇರುತ್ತದೆ. ಹೆಸರಿಲ್ಲದ ಮೂಗರ್ಜಿ ಹಾಕಿದರೆ ಆ ರಕ್ಷಣೆಯೂ ಇಲ್ಲ.

ಬಿಡಿ ಅಂಕ ಕೈಗೆ ಬಂದಾಗ ಸೆಮಿನಾರೋ ಟೆಸ್ಟೋ ತಪ್ಪಿಹೋಗಿದ್ದು, 11 ಸರಿಯಾದ ಲೆಕ್ಕವೇ ಎಂದು ಕಾಣಲೂಬಹುದು. ಆಗ ಅಂಕದ ದೂರನ್ನು ಅಲ್ಲಿಗೇ ಬಿಡಿ. ಬೆದರಿಕೆಯ ದೂರನ್ನು ಮಾತ್ರ ಬಿಡಬೇಡಿ.

– ಸಂ.